ನಂಬಿಕೆಯ ನಷ್ಟವನ್ನು ಎಲ್ಲಿ ಹುಡುಕಬೇಕು?

ಲೌಕಿಕೀಕರಣದ ಇತಿಹಾಸವನ್ನು ಬರೆಯುವವರು ಅದನ್ನು ಸಾಮಾನ್ಯವಾಗಿ ಯುರೋಪಿನ ಕಥೆಯೆಂದೇ ಭಾವಿಸುತ್ತಾರೆ. ನಮ್ಮ ಮಿಶನ್ ಚರಿತ್ರೆಗಳಲ್ಲಿಯೋ ಮಂಗಳೂರು ನಂಬಿಕೆ ಬಂದಿಳಿದ ರೇವು ಮಾತ್ರ. ಅಲ್ಲಿ ನಂಬಿಕೆ ಕುಂದಿತು, ಇಲ್ಲಿ ಚಿಗುರಿತು ಎಂಬ ಈ ವಿಭಜನೆಯನ್ನು ಪರೀಕ್ಷಿಸಬೇಕಾಗಿದೆ.

ಹೆರ್ಮನ್ ಗುಂಡರ್ಟರಿಗೆ ಮೌಲ್‌ಬ್ರಾನ್ ಸೆಮಿನರಿಯಲ್ಲಿ ಪಾಠ ಹೇಳಿದವರಲ್ಲಿ ಡೇವಿಡ್ ಫ್ರೀಡ್ರಿಖ್ ಸ್ಟ್ರೌಸ್ ಒಬ್ಬರು. 1835ರಲ್ಲಿ ಸುವಾರ್ತೆಗಳ ಅದ್ಭುತಗಳನ್ನು ಪುರಾಣಕಲ್ಪನೆಯೆಂದು ವ್ಯಾಖ್ಯಾನಿಸಿ ಯುರೋಪನ್ನು ಕಲಕಿದವರು ಅವರೇ. ಗುಂಡರ್ಟರು ಸಂಶಯದ ಮಾರ್ಗವನ್ನು ಹಾದು ಟ್ಯೂಬಿಂಗೆನ್ನಿನಲ್ಲಿ ಮರಳಿ ನಂಬಿಕೆಗೆ ಬಂದರು. 1838ರಲ್ಲಿ ಮಂಗಳೂರಿನ ಬಾಸೆಲ್ ಮಿಶನನ್ನು ಸೇರಿ, ಮರುವರ್ಷ ತಲಶ್ಶೇರಿಗೆ ತೆರಳಿದರು. ನಮ್ಮ ಕರಾವಳಿಗೆ ಬಂದ ಸುವಾರ್ತೆ ಸಂಶಯವನ್ನು ಅರಿಯದ ಸುವಾರ್ತೆಯಲ್ಲ. ಅದಕ್ಕೆ ಉತ್ತರ ಹುಡುಕಿಕೊಂಡ ಸುವಾರ್ತೆ.

ಇಲ್ಲಿ ಚಾರ್ಲ್ಸ್ ಟೇಲರ್ 'ಎ ಸೆಕ್ಯುಲರ್ ಏಜ್' (2007) ಗ್ರಂಥದಲ್ಲಿ ಮಾಡುವ ವಿಂಗಡಣೆ ಉಪಯುಕ್ತ: ಸಾರ್ವಜನಿಕ ಸಂಸ್ಥೆಗಳಿಂದ ಧರ್ಮ ಹಿಂದೆ ಸರಿಯುವುದು, ನಂಬಿಕೆ ಮತ್ತು ಆಚರಣೆ ಕ್ಷೀಣಿಸುವುದು, ನಂಬಿಕೆಯು ಹಲವು ಆಯ್ಕೆಗಳಲ್ಲಿ ಒಂದಾಗುವುದು. 1865ರಲ್ಲಿ ಮಿಶನ್ ಮಂಗಳೂರಿನಲ್ಲಿ ತೆರೆದ ಹಂಚಿನ ಕಾರ್ಖಾನೆ ಮೊದಲ ಮಹಾಯುದ್ಧದ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿತು. ಇದು ಮೊದಲನೆಯ ಬಗೆಯ ಬದಲಾವಣೆ. ಒಡೆತನ ಬದಲಾಯಿತೆಂದು ಕಾರ್ಮಿಕರ ನಂಬಿಕೆಯೂ ಅಳಿಯಿತೆನ್ನುವುದು ತರ್ಕದೋಷ.

ಟೇಲರರ ನಿರೂಪಣೆಗೂ ಮಿತಿಯುಂಟು. ಅದು ಪಾಶ್ಚಾತ್ಯ ಲ್ಯಾಟಿನ್ ಕ್ರೈಸ್ತಲೋಕವನ್ನೇ ಆಧರಿಸಿದೆ. ನಂಬಿಕೆಯು ಆಯ್ಕೆಯಾಗುವುದು ಅಲ್ಲಿ ದೀರ್ಘ ಪ್ರಕ್ರಿಯೆಯ ಫಲ. ನಮ್ಮಲ್ಲಿ ಮತಾಂತರಗೊಂಡ ಮೊದಲ ತಲೆಮಾರಿಗೆ ಅದು ಆರಂಭದ ಸ್ಥಿತಿ. ಹಿರಿಯರ ದೈವಗಳನ್ನು ತೊರೆದು ಬಂದವನು ಒಂದು ನಂಬಿಕೆಯನ್ನು ಕಳೆದುಕೊಂಡೇ ಇನ್ನೊಂದನ್ನು ಪಡೆದನು. ಮಿಶನ್ ವರದಿ ಪಡೆದುದನ್ನು ಬರೆಯಿತು. ತವರುಮನೆ ಕಳೆದುದನ್ನು ನೆನೆಯಿತು.

ಆದ್ದರಿಂದ ಸಂಶೋಧಕನಿಗೆ ಆಕರಗಳ ಪ್ರಶ್ನೆ ಎದುರಾಗುತ್ತದೆ. ದೀಕ್ಷಾಸ್ನಾನದ ರಿಜಿಸ್ಟರು ಸಭೆಗೆ ಬಂದವರನ್ನು ಹೇಳುತ್ತದೆ. ಪ್ರತಿ ಭಾನುವಾರ ಪೀಠದಲ್ಲಿ ಕುಳಿತೂ ಒಳಗೆ ನಂಬದವನನ್ನು ಹೇಳದು. ಗುಂಡರ್ಟರ ಮೊಮ್ಮಗ ಹೆರ್ಮನ್ ಹೆಸ್ಸೆ 1892ರಲ್ಲಿ ಅದೇ ಮೌಲ್‌ಬ್ರಾನ್ ಸೆಮಿನರಿಯಿಂದ ಓಡಿಹೋದರು. ಮುಂದೆ 'ಸಿದ್ಧಾರ್ಥ' ಬರೆದರು. ಇದನ್ನು ನಂಬಿಕೆಯ ನಷ್ಟವೆನ್ನೋಣವೋ, ಅನ್ವೇಷಣೆಯೆನ್ನೋಣವೋ? ಅಂಕಿಸಂಖ್ಯೆ ಇದಕ್ಕೆ ಉತ್ತರಿಸದು.

ಸಭಾಪಾಲಕರಾಗಲಿರುವವರಿಗೆ ಇದು ಕೇವಲ ವಿಧಾನದ ಚರ್ಚೆಯಲ್ಲ. ಸಂಶಯವನ್ನು ಹೊರಗಿನಿಂದ ಬಂದ ರೋಗವೆಂದು ಬೋಧಿಸುವ ಸಭೆಯಲ್ಲಿ ಸಂಶಯಪಡುವ ಯುವಕನು ಮೌನಿಯಾಗುತ್ತಾನೆ, ಬಳಿಕ ಮರೆಯಾಗುತ್ತಾನೆ. ನಮ್ಮ ಸಭೆಯ ಚರಿತ್ರೆಯಲ್ಲಿ ಸಂಶಯಕ್ಕೂ ಒಂದು ಅಧ್ಯಾಯವಿದ್ದರೆ, ಆತನು ಅದರಲ್ಲಿ ತನ್ನ ಹೆಸರನ್ನು ಓದಿಕೊಳ್ಳಬಲ್ಲನು.