ಮೂಲೆಮಟ್ಟದೊಳಗಿನ ಅರ್ಧ

ಹೈಸ್ಕೂಲಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಕಪ್ಪುಹಲಗೆಗೆ ಒತ್ತಿ ಹಿಡಿಯುತ್ತಿದ್ದ ಮರದ ಮೂಲೆಮಟ್ಟ ಮೊಳದುದ್ದ ಇತ್ತು. ನನ್ನ ಜಾಮಿಟ್ರಿ ಬಾಕ್ಸಿನ ಪ್ಲಾಸ್ಟಿಕ್ ಮೂಲೆಮಟ್ಟ ಅಂಗೈಯಲ್ಲಿ ಹಿಡಿಸುವಷ್ಟು. ಒಂದು ದಿನ ಅವರು ಎರಡನ್ನೂ ಅಳೆಯಲು ಹೇಳಿದರು. 30 ಡಿಗ್ರಿ ಕೋನದ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದೆವು. ಮರದ್ದರಲ್ಲೂ ಅರ್ಧ, ಪ್ಲಾಸ್ಟಿಕ್ಕಿನದರಲ್ಲೂ ಅರ್ಧ. ಮೇಷ್ಟ್ರು ಏನೂ ವಿವರಿಸದೆ ಸುಮ್ಮನೆ ನಿಂತರು. ಆ ಮೌನದಲ್ಲೇ ನನಗೆ ತ್ರಿಕೋನಮಿತಿ ಹತ್ತಿತು.

ಒಂದು ಮೂಲೆ ಲಂಬಕೋನ ಎಂದಾದ ಮೇಲೆ ಇನ್ನೊಂದು ಕೋನ ತಿಳಿದರೆ ಸಾಕು, ತ್ರಿಭುಜದ ಆಕಾರ ನಿಂತುಹೋಗುತ್ತದೆ. ಉಳಿಯುವುದು ಗಾತ್ರ ಮಾತ್ರ. ಗಾತ್ರ ಹಿಗ್ಗಿದರೂ ಕುಗ್ಗಿದರೂ ಬಾಹುಗಳ ಅನುಪಾತ ಅಲುಗುವುದಿಲ್ಲ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. ಈ ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳು ಮೊದಲು ಹತ್ತಾರು ತ್ರಿಭುಜಗಳನ್ನು ಅಳೆಯಲಿ, ಹೆಸರು ಆಮೇಲೆ ಬರಲಿ. ಅದೇ ಮೂಲೆಮಟ್ಟವನ್ನು 60 ಡಿಗ್ರಿಯ ಮೂಲೆಯಿಂದ ನೋಡಿದರೆ, ಆಗ ಅಭಿಮುಖವಾಗಿದ್ದ ಬಾಹು ಈಗ ಪಾರ್ಶ್ವವಾಗುತ್ತದೆ. 30ರ ಸೈನ್ 60ರ ಕೊಸೈನ್ ಆಗುವುದು ಹೀಗೆ. ಕೊಸೈನ್ ಎಂದರೆ ಪೂರಕ ಕೋನದ ಸೈನ್, ಅಷ್ಟೇ.

ಸೈನ್ ಎಂಬ ಪದ ನಮ್ಮಿಂದ ಹೊರಟು ಸುತ್ತಿ ಬಂದದ್ದು. ವೃತ್ತದ ಕಂಸವನ್ನು ಬಿಲ್ಲು ಎಂದು ಕಂಡವರು ಅದರ ಹೆದೆಯನ್ನು ಜ್ಯಾ ಎಂದು ಕರೆದರು. ಅರ್ಧ ಹೆದೆ ಅರ್ಧಜ್ಯಾ, ಬಳಕೆಯಲ್ಲಿ ಮತ್ತೆ ಬರೀ ಜ್ಯಾ. ಅರಬರು ಅದನ್ನು ಜೀಬ ಎಂದು ಬರೆದುಕೊಂಡರು. ಅರಬಿಯಲ್ಲಿ ಸ್ವರಚಿಹ್ನೆ ಬಿಟ್ಟು ಬರೆಯುವ ರೂಢಿ. ಹಾಗಾಗಿ ಅದನ್ನು ಜೈಬ್, ಅಂದರೆ ಉಡುಪಿನ ಮಡಿಕೆ, ಎಂದು ಓದಿದರು. 12ನೇ ಶತಮಾನದ ಲ್ಯಾಟಿನ್ ಅನುವಾದದಲ್ಲಿ ಅದೇ ಅರ್ಥದ ಸೈನಸ್ ಬಂತು. ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ 3¾ ಡಿಗ್ರಿಗೊಂದರಂತೆ 24 ಜ್ಯಾ ವ್ಯತ್ಯಾಸಗಳನ್ನು ಕೊಟ್ಟಿದ್ದಾನೆ. 225, 224, 222, 219, 215, 210, 205, 199. ಮೊದಲಿನ ಈ ಎಂಟನ್ನು ಕೂಡಿಸಿ. ಎಂಟು ಹೆಜ್ಜೆಗೆ 30 ಡಿಗ್ರಿ, ಮೊತ್ತ 1719. ಅವನ ಲೆಕ್ಕದ ತ್ರಿಜ್ಯ 3438. ಅದರ ಸರಿಯಾದ ಅರ್ಧ! ಕಾಗದದ ಮೇಲೆ ಇದನ್ನು ಕೂಡಿಸಿ ನೋಡಿದ ರಾತ್ರಿ ಮೇಷ್ಟ್ರ ಮರದ ಮೂಲೆಮಟ್ಟ ಕಣ್ಣೆದುರು ಬಂದು ನಿಂತಿತ್ತು.

ಇನ್ನು ಈ ಅನುಪಾತದಿಂದ ತೆಂಗಿನ ಮರದ ಎತ್ತರ ಅಳೆಯುವುದಕ್ಕೆ ಬರೋಣ. ಕೋನಮಾಪಕದ ನೇರ ಅಂಚನ್ನು ಮೇಲಾಗಿ ಹಿಡಿದು, ಅದರ ನಡುಬಿಂದುವಿಗೆ ದಾರ ಕಟ್ಟಿ ತುದಿಗೊಂದು ಕಲ್ಲು ತೂಗುಬಿಡಿ. ಅಂಚಿನುದ್ದಕ್ಕೂ ಕಣ್ಣು ಹಾಯಿಸಿ ಸುಳಿಯನ್ನು ಗುರಿ ಹಿಡಿಯಿರಿ. ದಾರ 90ರ ಗೆರೆಯಿಂದ ಎಷ್ಟು ಸರಿಯಿತೋ ಅದೇ ಉನ್ನತ ಕೋನ. ಅದರ ಟ್ಯಾನನ್ನು ಮರದವರೆಗಿನ ದೂರದಿಂದ ಗುಣಿಸಿ, ನಿಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ಕಣ್ಣಿನ ಎತ್ತರವನ್ನು ಮರೆಯುವವರೇ ಹೆಚ್ಚು.

ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಈ ಹವ್ಯಾಸದ ರುಚಿಯೆಲ್ಲ ಇದೆ. ಇಂಥ ಕೈತಯಾರಿ ಸಾಧನದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಮರದ ಬುಡಕ್ಕೆ ಅಂಟಿ ನಿಂತು ಕೋನ 80 ಇದ್ದರೆ, 81 ಎಂದು ಓದಿದ ತಪ್ಪಿಗೆ ಟ್ಯಾನ್ 5.67ರಿಂದ 6.31ಕ್ಕೆ ಜಿಗಿಯುತ್ತದೆ, ಶೇ 11ರಷ್ಟು ಎಡವಟ್ಟು. ಬಹಳ ದೂರ ಹೋಗಿ ಕೋನ 10ಕ್ಕೆ ಇಳಿದರೂ ಹೆಚ್ಚುಕಡಿಮೆ ಅಷ್ಟೇ ಪೆಟ್ಟು. 45ರಲ್ಲಿ ಮಾತ್ರ ಅದೇ ಒಂದು ಡಿಗ್ರಿಯ ತಪ್ಪಿಗೆ ಶೇ 3.5. ಅಲ್ಲಿ ಟ್ಯಾನ್ 1, ಗುಣಾಕಾರವೂ ಬೇಡ. ದಾರ 45ಕ್ಕೆ ಬರುವವರೆಗೆ ಹಿಂದೆ ಹಿಂದೆ ನಡೆಯಿರಿ.

ಒಂದು ಎಚ್ಚರ. ತೆಂಗು ನೆಟ್ಟಗೆ ನಿಲ್ಲುವ ಮರವಲ್ಲ, ಹಿತ್ತಿಲಿನದಂತೂ ಬೆಳಕಿನ ಕಡೆಗೆ ವಾಲಿಯೇ ಇರುತ್ತದೆ. ದೂರವನ್ನು ಬುಡದಿಂದ ಅಳೆದರೆ ಲಂಬಕೋನ ತ್ರಿಭುಜವೇ ಆಗುವುದಿಲ್ಲ. ಸುಳಿಯ ನೇರ ಕೆಳಗಿನ ಜಾಗ ಬೇಕು. ಗಾಳಿಯಿಲ್ಲದ ಬೆಳಗ್ಗೆ ಒಣಗಿದ ಕಾಯೊಂದು ಉದುರಿ ಮಣ್ಣಿನಲ್ಲಿ ಗುಳಿ ಮಾಡಿದ್ದರೆ, ಟೇಪಿನ ತುದಿಯನ್ನು ಅಲ್ಲಿಗೆ ಹಿಡಿಯಿರಿ.