ಕೆಂಪು ಕ್ಯಾಲಿಪರ್, ಕಪ್ಪು ಆಯಿಲ್

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರು ಚಕ್ರ ಬದಲಿಸಿದ ಮೇಲೆ ಕೈಹಾಕುವುದು ಆ ಚಕ್ರದ ಸಂದಿಯಲ್ಲಿ ಇಣುಕುವ ಬ್ರೇಕಿಗೆ. ಕೆಂಪು ಬಳಿದ ದೊಡ್ಡ ಕ್ಯಾಲಿಪರ್, ತೂತು ಕೊರೆದ ಡಿಸ್ಕ್ ಇದ್ದರೆ ನಿಂತ ಕಾರಿಗೂ ಒಂದು ಗತ್ತು. ಈ ಖರ್ಚಿನಲ್ಲಿ ಪ್ರಯೋಜನವೆಷ್ಟು, ಶೋಕಿಯೆಷ್ಟು ಎಂದು ಅಳೆಯಲು ಒಂದೇ ಕಾರು ಸಾಕು. 1989ರ ಫೆಬ್ರವರಿಯಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ತೆರೆ ಸರಿಸಿಕೊಂಡ ಮಜ್ದಾ ಎಂಎಕ್ಸ್-5, ಅಮೆರಿಕನ್ನರ ಬಾಯಲ್ಲಿ ಮಿಯಾಟಾ.

ನಮ್ಮ ರಸ್ತೆಗಳಲ್ಲಿ ಮಜ್ದಾ ಎಂದರೆ ನೆನಪಾಗುವುದು ಸ್ವರಾಜ್ ಮಜ್ದಾ ಲಾರಿ, ಮಿನಿಬಸ್ಸುಗಳು. ಅದೇ ಹೆಸರಿನ ಜಪಾನಿ ಕಂಪನಿಯಲ್ಲಿ ತೋಶಿಹಿಕೊ ಹಿರಾಯ್ ನೇತೃತ್ವದ ತಂಡ ಸುಮಾರು ಒಂದು ಟನ್ ತೂಕದ, ಎರಡೇ ಸೀಟಿನ ಈ ಕಾರನ್ನು 'ಜಿಂಬಾ ಇತ್ತಾಯ್' ಎಂಬ ಮಾತನ್ನು ಮುಂದಿಟ್ಟುಕೊಂಡು ಕಟ್ಟಿತು. ಸವಾರ, ಕುದುರೆ ಎರಡೂ ಒಂದೇ ಜೀವವಾಗಬೇಕು ಎಂದು ಅದರ ಇಂಗಿತ. ಕುದುರೆಯಿದ್ದ ಮೇಲೆ ಕಡಿವಾಣವೂ ಬೇಕಲ್ಲ! 1.6 ಲೀಟರ್ ಎಂಜಿನ್ನಿನ ಮೊದಲ ಕಾರುಗಳಿಗೆ ಮುಂದೆ 235 ಮಿ.ಮೀ., ಹಿಂದೆ 231 ಮಿ.ಮೀ. ಡಿಸ್ಕ್ ಇದ್ದವು. 1994ರ ಮಾದರಿಯಲ್ಲಿ 1.8 ಲೀಟರ್ ಎಂಜಿನ್ ಬಂದಾಗ ಅವು 255 ಮತ್ತು 251 ಆದವು. ಎರಡನೇ ತಲೆಮಾರಿನಲ್ಲಿ, 2001ರ ಹೊತ್ತಿಗೆ, ಕೆಲವು ಕಾರುಗಳಿಗೆ 270 ಮತ್ತು 276ರ ಡಿಸ್ಕ್ ಸಿಕ್ಕಿತು. ಹೀಗೆ ಕಂಪನಿಯೇ ಅರಿವಿಲ್ಲದೆ ಒಂದು ಏಣಿ ಇಟ್ಟುಕೊಟ್ಟಿತು. 1.6ರ ಮಾಲೀಕರು ಅದನ್ನು ಹತ್ತುತ್ತಲೇ ಬಂದಿದ್ದಾರೆ.

ಹತ್ತಿದರೆ ಕಾರು ಬೇಗ ನಿಲ್ಲುತ್ತದೆಯೇ? ಒಂದು ಸಲದ ಬ್ರೇಕಿಗೆ, ಬಹುಮಟ್ಟಿಗೆ ಇಲ್ಲ. ಹಳೆಯ ಪುಟ್ಟ ಡಿಸ್ಕುಗಳೇ, ಸುಸ್ಥಿತಿಯಲ್ಲಿದ್ದರೆ, ಚಕ್ರವನ್ನು ಲಾಕ್ ಮಾಡುವಷ್ಟು ಬಿಗಿಯಾಗಿ ಹಿಡಿಯುತ್ತವೆ. ಅಲ್ಲಿಂದಾಚೆಗೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಟೈರು ರಸ್ತೆಗಳ ನಡುವಿನ ವ್ಯವಹಾರ. ದೊಡ್ಡ ಡಿಸ್ಕಿಗೆ ಅಲ್ಲಿ ಮಾತಿಲ್ಲ. ಗಟ್ಟಿಯಾಗಿ ಸೆಟೆದುಕೊಂಡ ಹತ್ತು ವರ್ಷದ ಟೈರಿನ ಮೇಲೆ ದುಬಾರಿ ಬ್ರೇಕ್ ಕೂರಿಸುವುದು ಸೋರುವ ಮಾಡಿನ ಕೆಳಗೆ ಗೋಡೆಗೆ ಬಣ್ಣ ಹೊಡೆಸಿದಂತೆ.

ದೊಡ್ಡ ಡಿಸ್ಕಿನ ನಿಜವಾದ ಕೆಲಸ ಬಿಸಿ ನುಂಗುವುದು. ಒಂದು ಟನ್ನಿನ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ ನಿಂತರೆ ಸುಮಾರು ಹತ್ತು ಲಕ್ಷ ಜೂಲ್ ಶಕ್ತಿ, ಅದರಲ್ಲಿ ಬಹುಪಾಲು ಮುಂದಿನ ಚಕ್ರಗಳಲ್ಲಿ, ಶಾಖವಾಗಿ ಹೊರಬರಬೇಕು. 80 ಕಿ.ಮೀ. ವೇಗದಿಂದಾದರೆ ಎರಡೂವರೆ ಲಕ್ಷ ಅಷ್ಟೆ. ವೇಗ ಅರ್ಧವಾದರೆ ಬಿಸಿ ಕಾಲುಭಾಗ. ಊರೊಳಗೆ ಓಡಾಡುವವನ ಡಿಸ್ಕಿಗೆ ತಣಿಯಲು ಬೇಕಾದಷ್ಟು ಬಿಡುವಿದೆ. ರೇಸ್ ಟ್ರ್ಯಾಕಿನಲ್ಲಿ ತಿರುವಿನ ಮೇಲೆ ತಿರುವು; ಬಿಸಿಯ ಮೇಲೆ ಬಿಸಿ ಪೇರುತ್ತದೆ, ಪ್ಯಾಡ್ ಹಿಡಿತ ಬಿಡುತ್ತದೆ, ಕ್ಯಾಲಿಪರಿನೊಳಗೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಆಗ ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಪಿಸ್ಟನ್ ಸರಿಯುವುದಿಲ್ಲ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಮುಂದಿನ ಲಾರಿಯಿಂದ ಮೂಗಿಗೆ ಬಡಿಯುವ ಕಮಟು ವಾಸನೆ ಇದೇ ಕಥೆಯ ಮೊದಲ ಅಧ್ಯಾಯ.

ಈ ಲೆಕ್ಕದಲ್ಲಿ 1.8ರ ಬ್ರೇಕನ್ನು 1.6ಕ್ಕೆ ತೊಡಿಸುವ ಪದ್ಧತಿ ಮೆಚ್ಚತಕ್ಕದ್ದು. ಕಬ್ಬಿಣ ಹೆಚ್ಚುತ್ತದೆ, ಬಿಸಿಗೆ ಜಾಗ ಸಿಗುತ್ತದೆ. ಕೊರೆಯುವ, ಬೆಸೆಯುವ ಗೋಜಿಲ್ಲ. ಹಳೆಯ 14 ಇಂಚಿನ ಚಕ್ರದೊಳಗೇ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ 20 ಮಿ.ಮೀ. ಬೆಳೆದರೆ ಹಿಂದೆಯೂ 20 ಬೆಳೆಯುತ್ತದೆ. ಎಂಜಿನಿಯರುಗಳು ಕಂಡುಕೊಂಡ ಸಮತೋಲ ಹೆಚ್ಚು ಕದಡುವುದಿಲ್ಲ.

ಮುಂದಕ್ಕೆ ಮಾತ್ರ ನಾಲ್ಕು ಪಿಸ್ಟನ್ನಿನ ಭಾರಿ ಕ್ಯಾಲಿಪರ್ ಹಾಕಿಸುವವರು ಎಡವುವುದು ಇಲ್ಲೇ. ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ, ಹಿಂದಿನವು ಪಾಲಿನ ಕೆಲಸ ಮಾಡದೆ ಉಳಿಯುತ್ತವೆ. ಲಕ್ಷ ಸುರಿದು ನಿಲ್ಲುವ ದೂರವನ್ನೇ ಹೆಚ್ಚಿಸಿಕೊಳ್ಳುವುದೂ ಸಾಧ್ಯ. ಪಿಸ್ಟನ್ನುಗಳ ಒಟ್ಟು ವಿಸ್ತಾರ ಹೆಚ್ಚಿದರೆ ಹಳೆಯ ಮಾಸ್ಟರ್ ಸಿಲಿಂಡರ್ ಹೆಚ್ಚು ಆಯಿಲ್ ತಳ್ಳಬೇಕು. ಪೆಡಲ್ ಆಳಕ್ಕೆ ಇಳಿಯುತ್ತದೆ. ಉಲ್ಟಾ, ಹಿಂದಿನ ಬ್ರೇಕ್ ಅತಿಯಾದರೆ ಕಾರು ಬುಗುರಿಯಾಗುತ್ತದೆ. ತೂತಿನ ಡಿಸ್ಕುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ತೂತಿನ ಅಂಚಿನಿಂದಲೇ ಬಿರುಕು ಹೊರಡುತ್ತದೆ, ಕೊರೆದಷ್ಟು ಕಬ್ಬಿಣವೂ ನಷ್ಟ.

ಸಣ್ಣ ಬ್ರೇಕಿನ ಮೇಲಿನ ದೂರುಗಳೆಲ್ಲ ಶೋಕಿಯೆಂದು ತಳ್ಳಿಹಾಕುವಂತೆಯೂ ಇಲ್ಲ. 1983ರಲ್ಲಿ ಭಾರತಕ್ಕೆ ಬಂದ ರಾಜ್‌ದೂತ್ 350 ಬೈಕ್ ನೋಡಿ. ಯಮಹಾದ ಮೂಲ ಆರ್‌ಡಿ 350ರ ಮುಂದಿನ ಚಕ್ರದಲ್ಲಿ ಡಿಸ್ಕ್ ಇತ್ತು. ಇಲ್ಲಿ ಮಾರಿದ್ದಕ್ಕೆ ಡ್ರಮ್. ಅದಕ್ಕೆ ಡಿಸ್ಕ್ ಹಾಕಿಸಿಕೊಂಡವರು ಮಾಡಿದ್ದು ಕಳೆದುಹೋದ ಅಂಗವನ್ನು ಮರಳಿ ಜೋಡಿಸುವ ಕೆಲಸ. ಮಿಯಾಟಾದ ಸ್ಥಿತಿ ಹಾಗಿರಲಿಲ್ಲ. ಟರ್ಬೊ ಕೂರಿಸದ 1.6ಕ್ಕೆ ಏಣಿಯ ಮೂರನೇ ಮೆಟ್ಟಿಲು, ಅಂದರೆ 270ರ ಡಿಸ್ಕ್, ಚಕ್ರದ ಭಾರ ಹೆಚ್ಚಿಸಿ ಕುದುರೆಯ ಚುರುಕನ್ನೇ ಕುಂದಿಸುತ್ತದೆ.

ಮೂವತ್ತು ದಾಟಿದ ಕಾರಿನಲ್ಲಿ ಮೊದಲು ನೋಡಬೇಕಾದ ಭಾಗಗಳು ಫೋಟೊಗೆ ಬೀಳುವುದಿಲ್ಲ. ಒಳಗೇ ಊದಿಕೊಂಡ ರಬ್ಬರ್ ಹೋಸ್, ತುಕ್ಕು ಹಿಡಿದು ಜಾರದ ಕ್ಯಾಲಿಪರ್ ಪಿನ್, ಗಾಜಿನಂತೆ ನುಣುಪಾದ ಪ್ಯಾಡ್. ಬದಲಿಸುವಾಗ ರೇಸಿನ ಪ್ಯಾಡ್ ತಂದರೆ ಇನ್ನೊಂದು ಪೇಚು: ಬೆಳಗಿನ ಚಳಿಯಲ್ಲಿ, ಬಿಸಿಯೇರುವ ತನಕ, ಅದು ಸರಿಯಾಗಿ ಹಿಡಿಯುವುದೇ ಇಲ್ಲ. ಇನ್ನು ಬ್ರೇಕ್ ಆಯಿಲ್. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಗಾಳಿಯ ತೇವವನ್ನು ಶೇ. 3.7ರಷ್ಟು ಹೀರಿಕೊಂಡ ಮೇಲೆ ಅದೇ ನಿಯಮ 155ಕ್ಕೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ಕಾರು ಎತ್ತಿಟ್ಟು, ಕೆಂಪು ಕ್ಯಾಲಿಪರಿನ ಡಬ್ಬ ಒಡೆಯುವ ಮೊದಲು ಬಾನೆಟ್ ತೆರೆದು ಬ್ರೇಕ್ ಆಯಿಲಿನ ಪುಟ್ಟ ಬಿಳಿ ಡಬ್ಬಿಯೊಳಗೆ ಇಣುಕಿದರೆ ಎಷ್ಟೋ ಸಲ ಕಾಣುವುದು ಕಾಫಿ ಡಿಕಾಕ್ಷನ್ ಬಣ್ಣದ ದ್ರವ.