ತತ್ತ್ವಪದಕ್ಕೆ ಹೊಸ ಮಂಟಪ

ಬಾಗಳಿಯ ಕಲ್ಲೇಶ್ವರ ದೇವಾಲಯವು ರಾಷ್ಟ್ರಕೂಟರ ಕಾಲದಲ್ಲಿ ಆರಂಭವಾಗಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ವಿಸ್ತಾರಗೊಂಡದ್ದು. ಹಳೆಯ ಗುಡಿಗೆ ಹೊಸ ಯುಗವು ಮಂಟಪ ಕಟ್ಟುವುದು ಅಪಚಾರವಲ್ಲ. ಮಂಟಪವು ಗರ್ಭಗೃಹವನ್ನು ಮರೆಮಾಡಬಾರದು, ಅಷ್ಟೆ.

2008ರಲ್ಲಿ ಹೊರಬಂದ ರಘು ದೀಕ್ಷಿತರ ಮೊದಲ ಧ್ವನಿಸಂಪುಟವನ್ನು ಈ ಅಳತೆಗೋಲಿನಿಂದಲೇ ಪರಿಶೀಲಿಸುತ್ತೇವೆ. ಅದರಲ್ಲಿ ಶಿಶುನಾಳ ಶರೀಫರ (1819–1889) ಎರಡು ಪದಗಳು ಗಿಟಾರು, ಡ್ರಮ್ಮುಗಳೊಡನೆ ಹಿಂದಿ, ಇಂಗ್ಲಿಷ್ ಗೀತೆಗಳ ನಡುವೆ ಬಂದಿವೆ. ಗುಡುಗುಡಿಯ ಪದದಲ್ಲಿ ಲಯದ ವೇಗ ಮಿತಿಮೀರಿದೆ. ಗುಡುಗುಡಿಯು ಅಂತರಂಗ ಸಾಧನೆಯ ರೂಪಕವೆಂಬುದು ಕುಣಿತದಲ್ಲಿ ತೇಲಿಹೋಗುತ್ತದೆ. ಸೋರುವ ಮಾಳಿಗೆಯ ಪದದಲ್ಲಿ ಹಾಗಾಗಿಲ್ಲ. ಅಜ್ಞಾನದಿಂದ ಸೋರುವ ಆ ಮನೆಯನ್ನು ಮುಪ್ಪಿನ ವೈರಾಗ್ಯಕ್ಕೆ ಸೇರಿಸಿ ಓದುವುದು ಸುಲಭ. ಆದರೆ ಊರು ಬಿಟ್ಟು ಬಾಡಿಗೆಯ ಕೋಣೆ ಸೇರಿದ ಇಪ್ಪತ್ತರ ತರುಣನಿಗೆ, ಮಾಳಿಗೆಯನ್ನು ಸರಿಪಡಿಸುವ ಹೊಣೆ ಇನ್ನು ತನ್ನದೇ ಎಂಬ ಅರಿವು ಅದರಲ್ಲಿ ಕೇಳಿಸುತ್ತದೆ. ಇದು ಹೊರಗಿನಿಂದ ಹೇರಿದ ಅರ್ಥವಲ್ಲ, ಪದದೊಳಗೇ ಇದ್ದದ್ದು.

ಆದುದರಿಂದ ಶರೀಫರನ್ನು ಬೋಧಿಸುವವರು ಈ ಗಾಯನವನ್ನು ತಳ್ಳಿಹಾಕದೆ, ಅದು ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂಬುದನ್ನು ವಿದ್ಯಾರ್ಥಿಗಳೊಡನೆ ಕೇಳಿ ನಿರ್ಣಯಿಸುವುದು ಉಚಿತವೆಂದು ಭಾವಿಸುತ್ತೇವೆ.